ಜೆಟ್ ಸ್ಕೀ ತಳದಾಗ ಕರೇ ಆಯಿಲ್ ನಿಲ್ಲಾಕತ್ತೈತಿ, ಇಂಜಿನ್ ಹೊರಗ ತಗೀಲೇಬೇಕೇನು?

ಹಿನ್ನೀರು_ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಯಮಹಾ ವಿಎಕ್ಸ್, 1052 ಸಿಸಿ, ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್. ಮೀಟರ್‌ನಾಗ 210 ತಾಸು ಆಗೈತಿ. ಓಡೂದು ಆಲಮಟ್ಟಿ ಹಿನ್ನೀರಿನಾಗ, ಹೆರಕಲ್ ಕಡಿಗೆ.

ಹೋದ ವಾರ ಆಯಿಲ್, ಫಿಲ್ಟರ್ ಬದಲಿ ಆತು. ಮಾಡಿದವರು ಕಾರ್ ಗ್ಯಾರೇಜಿನವರು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೂ ಕಡ್ಡಿ) ತೂತಿನಾಗ ಪೈಪ್ ಬಿಟ್ಟು ಹಳೇ ಆಯಿಲ್ ಎಳದರು, 3.5 ಲೀಟರಿನ ಡಬ್ಬಿ ಪೂರಾ ಸುರುವಿದರು. ಮರುದಿನ ಮುಂಜಾನೆ ಟ್ರೇಲರ್ ಮ್ಯಾಲ ತಣ್ಣಗ ನಿಂತಾಗ ಕಡ್ಡಿ ತಗದು ನೋಡಿದ್ರ ಆಯಿಲ್ ಬರೋಬ್ಬರಿ ಮ್ಯಾಲಿನ ಗೀಟಿಗೆ ಇತ್ತು.

ಅರ್ಧಾ ತಾಸು ನೀರಾಗ ಓಡಿ ಬಂದ ಮ್ಯಾಲ ಸೀಟ್ ತಗದ್ರ ತಳದಾಗ ನೀರಿನ ಜೋಡಿ ಕರೇ ಆಯಿಲ್, ಒಂದು ಚಾ ಕಪ್ಪಿನಷ್ಟು, ಅಂದಾಜು 100–150 ಮಿಲಿ. ಫಿಲ್ಟರ್ ಕೆಳಗ ಹಸಿ ಐತಿ. ಏರ್ ಫಿಲ್ಟರ್ ಡಬ್ಬಿ ತಳಕ್ಕ ಕೈ ಆಡಿಸಿದ್ರ ಬೆರಳಿಗೆ ಆಯಿಲ್ ಹತ್ತತೈತಿ. ಚಾಲೂ ಮಾಡಿದ ಕೂಡ್ಲೆ ನೀಲಿ ಹೊಗಿ. ಅದರ ಮ್ಯಾಲ ಹಿಂದ ಕಪ್ಲಿಂಗ್ (ಇಂಜಿನ್ನಿಗೂ ಜೆಟ್ ಪಂಪಿನ ಶಾಫ್ಟಿಗೂ ಜೋಡಣಿ) ಇರೋ ಜಾಗಾದಾಗ ಗಾಡಿ ಒಳಗೋಡಿಗೆ ಎರಡೂ ಬಾಜೂ ಕರೇ ಚುಕ್ಕಿ ಸಿಡದಾವು, ಉಂಗುರ ಬರದಂಗ ಕಾಣತೈತಿ.

ಗ್ಯಾರೇಜಿನವರು "ಕ್ರ್ಯಾಂಕಿನ ಹಿಂದಿನ ಸೀಲ್ ಹೋಗೈತಿ, ಇಂಜಿನ್ ಎತ್ತಬೇಕು" ಅಂತಾರ, ಅಂದ್ರ ಇಂಜಿನ್ನಿನ ಮುಖ್ಯ ಶಾಫ್ಟಿನ ಸುತ್ತ ಆಯಿಲ್ ತಡಿಯೂ ರಬ್ಬರ್ ಉಂಗುರ. ಆಯಿಲ್ ಪ್ರೆಶರಿನ ಲೈಟ್ ಒಮ್ಮೆಯೂ ಹತ್ತಿಲ್ಲ, ಬಝರ್ ಹೊಡದಿಲ್ಲ, ಎಳೆತ ಕಡಿಮಿ ಆಗಿಲ್ಲ. ಎತ್ತೂದಕ್ಕಿಂತ ಮೊದಲ ಏನೇನು ನೋಡಬೇಕು, ಯಾವ ಕ್ರಮದಾಗ ನೋಡಬೇಕು, ಬಲ್ಲವರು ಹೇಳ್ರಿ.

ಉದ್ಯಮಬಾಗ್_ಫಿಟ್ಟರ್ (ಬೆಳಗಾವಿ)

ಇಂಜಿನ್ ಎತ್ತಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಮುಕ್ಕಾಲು ಭಾಗಕ್ಕೆ ಕಾರಣ ಆ 3.5 ಲೀಟರಿನ ಡಬ್ಬಿಯಲ್ಲೇ ಇದೆ.

ಈ ಇಂಜಿನ್ ಡ್ರೈ ಸಂಪ್. ಕಾರಿನಂತೆ ಆಯಿಲ್ ಕ್ರ್ಯಾಂಕಿನ ಕೆಳಗೆ ಬಾಣಲೆಯಲ್ಲಿ ನಿಲ್ಲುವುದಿಲ್ಲ. ಪಂಪು ಅದನ್ನು ಕೆಳಗಿನಿಂದ ಎಳೆದು ಬೇರೆ ಟ್ಯಾಂಕಿಗೆ ಹಾಕುತ್ತದೆ, ಅಲ್ಲಿಂದ ಬೇರಿಂಗುಗಳಿಗೆ ಕಳಿಸುತ್ತದೆ. ನೀವು ತೆಗೆದು ನೋಡುವ ಕಡ್ಡಿ ಆ ಟ್ಯಾಂಕಿನ ಮಟ್ಟವನ್ನಷ್ಟೇ ತೋರಿಸುತ್ತದೆ. ಇಡೀ ವ್ಯವಸ್ಥೆ ಹಿಡಿಯುವುದು 4.3 ಲೀಟರ್. ಆದರೆ ಕಡ್ಡಿಯ ತೂತಿನಿಂದ ಪೈಪ್ ಬಿಟ್ಟು ಎಳೆದಾಗ ಹೊರಗೆ ಬರುವುದು ಎರಡರಿಂದ ಎರಡೂವರೆ ಲೀಟರ್, ಫಿಲ್ಟರಿನದೂ ಸೇರಿ. ಉಳಿದದ್ದು ಕ್ರ್ಯಾಂಕ್ ಕೇಸ್ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ), ಹೆಡ್ (ಮೇಲ್ಭಾಗ), ಒಳದಾರಿಗಳಲ್ಲಿ ಕೂತೇ ಇರುತ್ತದೆ. ಎಷ್ಟು ಬಂತು ಅಂತ ಅಳೆಯದೆ 3.5 ಲೀಟರ್ ಸುರಿದರೆ ಒಂದು ಲೀಟರಿನಷ್ಟು ಹೆಚ್ಚಾಯಿತು ಅಂತಲೇ ಲೆಕ್ಕ.

ಹಾಗಾದರೆ ಕಡ್ಡಿ ಯಾಕೆ ಸರಿಯಾಗಿ ತೋರಿಸಿತು? ರಾತ್ರಿಯಿಡೀ ನಿಂತಾಗ ಟ್ಯಾಂಕಿನ ಆಯಿಲ್ ಪಂಪಿನ ಸಂದಿಗಳಿಂದ ಮೆಲ್ಲಗೆ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ತಣ್ಣಗಿದ್ದಾಗ ಕಡ್ಡಿ ಯಾವಾಗಲೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ತಣ್ಣಗಿದ್ದಾಗಲೇ ಮೇಲಿನ ಗೀಟಿಗೆ ಮುಟ್ಟಿದೆ ಅಂದರೆ ಓಡುವಾಗ ಟ್ಯಾಂಕು ತುಂಬಿ ಉಕ್ಕುತ್ತಿದೆ. ಉಕ್ಕಿದ್ದು ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ನಳಿಗೆ) ಏರ್ ಫಿಲ್ಟರ್ ಡಬ್ಬಿಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ಇಂಜಿನ್ ಕುಡಿಯುತ್ತದೆ, ಅದು ನಿಮ್ಮ ನೀಲಿ ಹೊಗೆ. ಉಳಿದದ್ದು ಡಬ್ಬಿಯ ಸಂದಿಯಿಂದ ತಳಕ್ಕೆ ತೊಟ್ಟಿಕ್ಕುತ್ತದೆ, ಅದು ನಿಮ್ಮ ಚಹಾ ಕಪ್ಪು.

ಮಟ್ಟ ನೋಡುವ ಸರಿಯಾದ ರೀತಿ: ನೀರಿನಲ್ಲಿ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ದಡಕ್ಕೆ ತಂದು ಟ್ರೇಲರ್ ಮೇಲೆ ಹತ್ತಿಸಿ, ಮೂತಿ ಮೇಲೂ ಅಲ್ಲ ಕೆಳಗೂ ಅಲ್ಲ, ಸಮತಟ್ಟಾಗಿ ನಿಲ್ಲಿಸಿ. ಡೆಕ್ಕಿನ ಮೇಲೆ ಗೌಂಡಿಯವರ ಸ್ಪಿರಿಟ್ ಲೆವೆಲ್ ಇಟ್ಟರೆ ಅನುಮಾನವೇ ಉಳಿಯದು. ಎಳೆದು ತಂದು ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಕಡ್ಡಿ ಒರೆಸಿ, ಪೂರ್ತಿ ಇಳಿಸಿ, ತೆಗೆದು ನೋಡಿ. ಎರಡು ಗೀಟುಗಳ ನಡುವೆ ಇದ್ದರೆ ಸಾಕು, ಮೇಲಿನ ಗೀಟಿಗೆ ತರುವ ಹಟ ಬೇಡ. ಇಳಿಜಾರಿನ ದಡದಲ್ಲಿ ನಿಂತು ನೋಡಿದ ಲೆಕ್ಕ ಲೆಕ್ಕವಲ್ಲ.

ಹೆಚ್ಚಾದದ್ದನ್ನು ತೆಗೆಯಲು ದನದ ಔಷಧಿ ಅಂಗಡಿಯಲ್ಲಿ ಸಿಗುವ 100 ಮಿಲಿ ಸಿರಿಂಜು, 6 ಮಿಮೀ ಪಾರದರ್ಶಕ ನಳಿಗೆ ಸಾಕು. ಆಯಿಲ್ ಬಿಸಿ ಇರುವಾಗಲೇ ಎಳೆಯಿರಿ. ಎಳೆದದ್ದನ್ನು ಒಂದು ಲೀಟರಿನ ನೀರಿನ ಬಾಟಲಿಗೆ ಹಾಕುತ್ತ ಬನ್ನಿ, ಅಳತೆ ಕಣ್ಣಿಗೆ ಕಾಣುತ್ತದೆ. ಮೊದಲು 500 ಮಿಲಿ, ಆಮೇಲೆ ಒಂದು ಸಲಕ್ಕೆ 200 ಮಿಲಿ. ಪ್ರತಿ ಸಲ ಮತ್ತೆ ಓಡಿಸಿ ಕಡ್ಡಿ ನೋಡಬೇಕು. ಬೇಸರದ ಕೆಲಸ ನಿಜ, ಆದರೆ ಒಂದೇ ಸಲಕ್ಕೆ ಲೀಟರ್ ಎಳೆದು ಆಮೇಲೆ ಕಡಿಮೆಯಾಯಿತು ಅಂತ ಸುರಿಯುವುದು ಇದೇ ತಪ್ಪಿನ ಎರಡನೇ ಆವೃತ್ತಿ.

ಇದಕ್ಕೂ ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಒರೆಸಿ. ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಬಾಯಲ್ಲಿ ಆಯಿಲ್ ನಿಂತಿದ್ದರೆ ಬಟ್ಟೆಯಿಂದ ತೆಗೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ ನೋಡಿ. ತುದಿ ಬರೀ ಕಪ್ಪಾಗಿದ್ದರೆ ಒರೆಸಿ ಹಾಕಿ. ಆಯಿಲ್ ತೊಟ್ಟಿಕ್ಕುವಷ್ಟು ಒದ್ದೆ ಇದ್ದರೆ ಸಿಲಿಂಡರಿನೊಳಗೆ ಆಯಿಲ್ ನಿಂತಿರಬಹುದು, ಹಾಗೇ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ಅನ್ನು ಪಿಸ್ಟನ್ ಅದುಮಲಾರದು. ಆಗ ಕಾಯಿಲ್ ಮತ್ತು ಇಂಜೆಕ್ಟರ್ ಸಾಕೆಟ್ಟುಗಳನ್ನು ಕಳಚಿ, ಪ್ಲಗ್ ತೂತುಗಳ ಮೇಲೆ ಬಟ್ಟೆ ಹಾಸಿ, ಎರಡು ಮೂರು ಸೆಕೆಂಡ್ ಮಾತ್ರ ತಿರುಗಿಸಿ ಹೊರಹಾಕಿ. ಸೀಟು ತೆಗೆದೇ ಇರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ತಳದಲ್ಲಿ ಪೆಟ್ರೋಲ್ ಆವಿ ಕೂತಿರುವ ಗಾಡಿಗೆ ಒಂದು ಕಿಡಿ ಸಾಕು.

ಇಷ್ಟಾದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಹೊಗೆ ಬರಬಹುದು. ಎಕ್ಸಾಸ್ಟಿನಲ್ಲಿ ಕೂತ ಆಯಿಲ್ ಸುಡಬೇಕಲ್ಲ.

ಇನ್ನು ಫಿಲ್ಟರ್ ಕೆಳಗಿನ ಹಸಿ. ಫಿಲ್ಟರ್ ಬಿಚ್ಚುವಾಗ ಅದರೊಳಗಿನ ಆಯಿಲ್ ಚೆಲ್ಲಿಯೇ ಚೆಲ್ಲುತ್ತದೆ, ಆ ಇಕ್ಕಟ್ಟಿನಲ್ಲಿ ಯಾರೂ ಪೂರ್ತಿ ಒರೆಸಿರುವುದಿಲ್ಲ. ಆದ್ದರಿಂದ ಆ ಹಸಿ ಸೋರಿಕೆಯೂ ಇರಬಹುದು, ಆಗ ಚೆಲ್ಲಿದ್ದೂ ಇರಬಹುದು. ಬೇರ್ಪಡಿಸಲು ಒಂದೇ ದಾರಿ: ಮೊದಲು ಪೂರಾ ತೊಳೆಯಬೇಕು. ಹಿಂದಿನ ಎರಡೂ ಡ್ರೈನ್ ಪ್ಲಗ್ ತೆಗೆದು ಕೆಳಗೆ ಬುಟ್ಟಿ ಇಟ್ಟುಕೊಳ್ಳಿ. ನೀರಲ್ಲಿ ಕರಗುವ ಡಿಗ್ರೀಸರ್ ಹಾಕಿ, ಬ್ರಷ್ಷಿನಿಂದ ಉಜ್ಜಿ, ಸಣ್ಣ ಧಾರೆಯ ನೀರಿನಿಂದ ತೊಳೆಯಿರಿ. ಪೆಟ್ರೋಲ್, ಥಿನ್ನರ್ ಎರಡೂ ಬೇಡ. ರಬ್ಬರ್ ಪೈಪು ಉಬ್ಬುತ್ತವೆ, ಆವಿ ತಳದಲ್ಲಿ ನಿಲ್ಲುತ್ತದೆ. ವಾಟರ್ ಸರ್ವೀಸಿನ ಜೋರು ಧಾರೆಯನ್ನೂ ವೈರಿಂಗ್ ಸಾಕೆಟ್ಟುಗಳಿಗೆ ಹೊಡೆಯಬೇಡಿ. ಒಂದು ಮಧ್ಯಾಹ್ನದ ಬಿಸಿಲಿಗೆ ಸೀಟು ತೆಗೆದು ಒಣಗಿಸಿ.

ಒಣಗಿದ ಮೇಲೆ ಅನುಮಾನ ಇರುವ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ತೆಳ್ಳಗೆ ಊದಿ: ಫಿಲ್ಟರ್ ಬುಡ, ಆಯಿಲ್ ಪ್ರೆಶರ್ ಸ್ವಿಚ್ಚಿನ ಸುತ್ತ, ಟ್ಯಾಂಕಿನ ಪೈಪುಗಳ ಕ್ಲ್ಯಾಂಪು, ವಾಲ್ವ್ ಕವರಿನ (ಇಂಜಿನ್ ಮೇಲಿನ ಮುಚ್ಚಳ) ಅಂಚು. ಎಲ್ಲಿ ಜಿನುಗುತ್ತದೋ ಅಲ್ಲಿ ಪೌಡರ್ ಮೇಲೆ ಕರಿ ಗೆರೆ ಮೂಡುತ್ತದೆ. ತಳದಲ್ಲಿ ಮೂರು ರಟ್ಟಿನ ತುಂಡು ಹಾಸಿ 1, 2, 3 ಅಂತ ಬರೆಯಿರಿ: ಒಂದು ಇಂಜಿನ್ ಮುಂದೆ, ಒಂದು ಫಿಲ್ಟರ್ ಕೆಳಗೆ, ಒಂದು ಕಪ್ಲಿಂಗ್ ಕೆಳಗೆ. ಯಾವ ಜಾಗ ಎಲ್ಲಕ್ಕಿಂತ ಎತ್ತರದಲ್ಲಿ ಒದ್ದೆಯಾಗಿದೆಯೋ ಅದೇ ಮೂಲ. ಕೆಳಗಿನ ಒದ್ದೆಯನ್ನು ನೋಡಿ ತೀರ್ಪು ಕೊಟ್ಟವರೇ ಸುಮ್ಮನೆ ಸೀಲ್ ಬದಲಿಸುವುದು.

ದಡದಲ್ಲಿ ಪೈಪ್ ನೀರಿಗೆ ಚಾಲೂ ಮಾಡುವಾಗ ಕ್ರಮ ತಪ್ಪಬಾರದು. ಮೊದಲು ಇಂಜಿನ್ ಚಾಲೂ, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಇಂಜಿನ್. ಇಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದು ಎಕ್ಸಾಸ್ಟಿನಿಂದ ಸಿಲಿಂಡರಿಗೆ ಹಿಮ್ಮರಳುತ್ತದೆ. ನೀರಿಲ್ಲದೆ 15 ಸೆಕೆಂಡಿಗಿಂತ ಹೆಚ್ಚು ಓಡಬಾರದು, ಎಕ್ಸಾಸ್ಟಿನ ರಬ್ಬರ್ ಸುಡುತ್ತದೆ. ನೀರಿದ್ದರೂ ಐಡಲ್‌ನಲ್ಲೇ ಮೂರು ನಾಲ್ಕು ನಿಮಿಷ ಸಾಕು.

ಫಿಲ್ಟರ್ ಬುಡದಲ್ಲೇ ಗೆರೆ ಮೂಡಿದರೆ ಅದನ್ನು ಬಿಚ್ಚಿ, ಹಳೇ ಫಿಲ್ಟರಿನ ರಬ್ಬರ್ ಉಂಗುರ ಇಂಜಿನ್ ಕಡೆ ಅಂಟಿಕೊಂಡು ಉಳಿದಿದೆಯಾ ನೋಡಿ. ಎರಡು ಉಂಗುರ ಒಂದರ ಮೇಲೊಂದು ಕೂತರೆ ಐಡಲ್‌ನಲ್ಲಿ ತಡೆಯುತ್ತದೆ, ರೇಸ್ ಕೊಟ್ಟಾಗ ಹಿಂಡಿ ಹೊರಗೆ ಬರುತ್ತದೆ. ಹೊಸ ಉಂಗುರಕ್ಕೆ ಬೆರಳಿನಿಂದ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ, ಉಂಗುರ ತಾಗಿದ ಮೇಲೆ ಮುಕ್ಕಾಲು ಸುತ್ತು. ಟಾರ್ಕ್ ಪಾನಾ ಇದ್ದರೆ 17–18 ನ್ಯೂಟನ್ ಮೀಟರ್.

ಗುಮ್ಮಟನಗರಿ_ಮರೈನ್ (ವಿಜಯಪುರ)

ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಅದ. ನಾ ಕಪ್ಲಿಂಗ್ ಕಡೆದಷ್ಟೇ ಹೇಳ್ತೀನಿ, ಯಾಕಂದ್ರ ಆ ಉಂಗುರದಂಥ ಚುಕ್ಕಿ ನೋಡೇ ಎಲ್ಲಾರೂ ಸೀಲ್ ಅಂತ ಗಾಬರಿ ಆಗ್ತಾರ.

ಕಪ್ಲಿಂಗ್ ತಿರಗೂ ಮುಂದ ಅದರ ಮ್ಯಾಲ ಏನ ಬಿದ್ರೂ ಸುತ್ತಲೂ ಸಿಡಸ್ತದ. ಹಿಂಗಾಗಿ ಚುಕ್ಕಿ ಅಲ್ಲಿ ಅವ ಅಂದ್ರ ಸೋರೂದೂ ಅಲ್ಲೇ ಅಂತ ಅಲ್ಲ. ತಳದಾಗ ಆಯಿಲ್ ನೀರು ಎರಡೂ ನಿಂತು ಕಪ್ಲಿಂಗಿಗೆ ತಾಗಿದ್ರ ಅದನ್ನೂ ಹಂಗೇ ಎರಚ್ತದ. ಇನ್ನ ಮುಖ್ಯದ್ದು, ಅದು ಆಯಿಲ್ಲೋ ಗ್ರೀಸೋ ಅಂತ ಮೊದಲ ಖಾತ್ರಿ ಮಾಡ್ಕೋರಿ. ಒಂದು ಚುಕ್ಕಿ ಟಿಶ್ಯೂ ಪೇಪರ್ ಮ್ಯಾಲ ತಗೊಂಡು ಒಂದು ತಾಸು ಇಡ್ರಿ. ಆಯಿಲ್ ಇದ್ರ ಪೂರಾ ಹರಡಿ ದೊಡ್ಡ ಕಲೆ ಆಗ್ತದ. ಗ್ರೀಸ್ ಇದ್ರ ನಡಕ ಗಟ್ಟಿ ಉಳದು ಸುತ್ತ ಸಣ್ಣ ಎಣ್ಣಿ ವರ್ತುಲ ಅಷ್ಟ ಬರ್ತದ. ಪೆಟ್ರೋಲ್ ವಾಸನಿ ಬಂದ್ರ ಎಲ್ಲಾ ಬಿಟ್ಟು ಮೊದಲ ಪೆಟ್ರೋಲ್ ಪೈಪ್ ನೋಡ್ರಿ, ಅಲ್ಲೀತನಕ ಚಾಲೂ ಮಾಡಬ್ಯಾಡ್ರಿ.

ಕಪ್ಲಿಂಗಿನ ಹಿಂದ ಶಾಫ್ಟ್ ಹಿಡದಿರೂ ಬೇರಿಂಗ್ ಮನಿ ಅದ, ಅದಕ್ಕ ಗ್ರೀಸ್ ನಿಪ್ಪಲ್ ಅದ. ಪ್ರತಿ 100 ತಾಸಿಗೊಮ್ಮೆ ಇಲ್ಲಾ ವರ್ಷಕ್ಕೊಮ್ಮೆ 6ರಿಂದ 8 ಮಿಲಿ ವಾಟರ್‌ಪ್ರೂಫ್ ಗ್ರೀಸ್ ಸಾಕು. ಟ್ರ್ಯಾಕ್ಟರಿಗೆ ಹೊಡದಂಗ ಹೊರಗ ಉಕ್ಕೂತನಕ ಹೊಡದ್ರ ಮನಿಯೊಳಗಿನ ಸೀಲಿನ ತುಟಿ ಮಗಚ್ತದ, ಗ್ರೀಸ್ ಕಪ್ಲಿಂಗ್ ಕಡೆ ಬಂದು ಸಿಡೀತದ. ಆಮ್ಯಾಲ ಅದ ದಾರಿಲೆ ನೀರು ಒಳಗ ಹೋಗಿ ಬೇರಿಂಗ್ ಹಾಳಾಗ್ತದ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟ ಬಿಡ್ತದ ಅಂತ ಒಂದು ಖಾಲಿ ಸಿರಿಂಜಿಗೆ ಹತ್ತು ಸಲ ಒತ್ತಿ ಅಳದು ಬರದಿಟ್ಕೋರಿ. ಒಂದೊಂದು ಗನ್ ಒಂದೊಂದು ನಮೂನಿ ಬಿಡ್ತದ.

ಖರೇನ ಕ್ರ್ಯಾಂಕ್ ಸೀಲ್ ಹೋಗಿದ್ರ ಹೆಂಗ ಗೊತ್ತಾಗ್ತದ? ಕಪ್ಲಿಂಗ್ ಮುಂದ, ಇಂಜಿನ್ ಹಿಂದಿನ ಮಾರಿಗೆ ಸಣ್ಣ ಕನ್ನಡಿ ಹಿಡದು ಟಾರ್ಚ್ ಬಿಟ್ಟು ನೋಡ್ರಿ. ಒಣಾ ಮಾಡಿ ಓಡಿಸಿ ಬಂದ ಮ್ಯಾಲ ಶಾಫ್ಟ್ ಸುತ್ತ ಅರ್ಧಚಂದ್ರದಂಗ ಹಸಿ ಇದ್ದು, ಅಲ್ಲಿಂದ ಕೆಳಗ ಒಂದ ಧಾರಿ ಇಳದಿದ್ರ ಅದು ಸೀಲ್. ಮಾರಿ ಒಣಾ ಇದ್ದು ಕೆಳಗ ಅಷ್ಟ ಹಸಿ ಇದ್ರ ಸೀಲ್ ಅಲ್ಲ.

ಸೀಲ್ ಹಸಿ ಕಂಡ್ರೂ ಬದಲಿ ಮಾಡೂಕಿಂತ ಮೊದಲ ಬ್ರೀದರ್ ಪೈಪ್ ನೋಡ್ರಿ. ಏರ್ ಡಬ್ಬಿ ಬಿಚ್ಚಿ ಕೂಡಸೂ ಮುಂದ ಆ ಪೈಪ್ ಮಡಚಿ ಸಿಕ್ಕೊಳ್ಳೂದು ಭಾಳ. ಉಸಿರು ಹೋಗೂ ದಾರಿ ಬಂದ್ ಆದ್ರ ಕ್ರ್ಯಾಂಕ್ ಕೇಸಿನಾಗ ಒತ್ತಡ ಏರಿ ಛಲೋ ಇದ್ದ ಸೀಲಿನಿಂದೂ ಆಯಿಲ್ ದಬ್ಬತದ. ಐಡಲಿನಾಗ ಆಯಿಲ್ ಹಾಕೂ ಮುಚ್ಚಳ ಸಡಿಲ ಮಾಡಿ ಕೈ ಇಡ್ರಿ. ಸಣ್ಣಗ ಉಸಿರಾಡಿದಂಗ ಅನಸ್ಬೇಕು. ಭುಸ್ ಅಂತ ಒಂದ ಸವನ ದಬ್ಬಿದ್ರ ಪೈಪ್ ಬಂದ್ ಅದ, ಇಲ್ಲಾ ಪಿಸ್ಟನ್ ರಿಂಗ್ ಸವದಾವು.

ಇನ್ನೊಂದು ಮಾತು ನಿಮ್ಮ ಜಾಗಾದ್ದು. ಆಲಮಟ್ಟಿ ನೀರು 519.60 ಮೀಟರ್ ತುಂಬಿದಾಗ ಕೆಳಗಿನ ಹಳೇ ಊರಿನ ಗ್ವಾಡಿ, ಗಿಡದ ಬೊಡ್ಡಿ ಎಲ್ಲಾ ಆಳದಾಗ ಇರ್ತಾವ. ಬ್ಯಾಸಗಿಯೊಳಗ ನೀರು ಹಿಂದ ಸರದಾಗ ಅವ ನೀರಿನ ಮಟ್ಟಕ್ಕಿಂತ ಒಂದ ಗೇಣ ಅಷ್ಟ ಕೆಳಗ ಇರ್ತಾವ. ಗಾಡಿ ತಳಾ ಒಮ್ಮೆ ಜೋರ ಬಡದಿದ್ರ ಇಂಜಿನ್ ಮೌಂಟ್ ಸರದು ಕಪ್ಲಿಂಗ್ ನೇರ ತಪ್ಪತದ, ನಡಕಿನ ರಬ್ಬರ್ ಪುಡಿ ಆಗ್ತದ, ನಡಗೂ ಶಾಫ್ಟು ಸೀಲಿನ ತುಟಿ ತಿಂತದ. ತಳದಾಗ ಕರೇ ರಬ್ಬರ್ ಪುಡಿ ಏನರ ಕಂಡದ್ದಾ?

ಕೃಷ್ಣಾತೀರ

ಇಷ್ಟೆಲ್ಲಾ ಯಾಕ್ರಿ, ವಾಲ್ವ್ ಕವರಿನ ಬೋಲ್ಟ್ ಒಂದ ಸುತ್ತ ಬಿಗಿ ಮಾಡಿ, ಅಂಚಿಗೆ ಸಿಲಿಕಾನ್ ಬಳದ ಬಿಡ್ರಿ. ಹಳೇ ಗಾಡಿ ಎಲ್ಲಾ ಅಲ್ಲಿಂದನ ಸೋರತಾವು.

ಉದ್ಯಮಬಾಗ್_ಫಿಟ್ಟರ್ (ಬೆಳಗಾವಿ)

ಇದನ್ನು ದಯವಿಟ್ಟು ಮಾಡಬೇಡಿ. ಆ ಬೋಲ್ಟುಗಳು ಸಣ್ಣವು, ಕೂತಿರುವುದು ಅಲ್ಯೂಮಿನಿಯಂನಲ್ಲಿ. ಅಡಿಯಲ್ಲಿರುವ ರಬ್ಬರ್ ಗ್ಯಾಸ್ಕೆಟ್ ಒಂದು ಮಿತಿಯವರೆಗೆ ಮಾತ್ರ ಕುಗ್ಗುತ್ತದೆ, ಆಮೇಲೆ ಬಿಗಿ ಮಾಡಿದ್ದೆಲ್ಲ ಬೋಲ್ಟಿನ ಎಳೆಯ (ಥ್ರೆಡ್) ಮೇಲೆ ಬೀಳುತ್ತದೆ. ಬೋಲ್ಟು ತುಂಡಾದರೆ ಕೊರೆದು ತೆಗೆಯುವ ಕೆಲಸ ಗ್ಯಾಸ್ಕೆಟ್ ಬದಲಿಸುವುದಕ್ಕಿಂತ ಹತ್ತು ಪಟ್ಟು. ಹೊರಗಿನಿಂದ ಬಳಿದ ಸಿಲಿಕಾನ್ ಆಯಿಲ್ ಜಿಡ್ಡಿನ ಮೇಲೆ ನಿಲ್ಲುವುದಿಲ್ಲ. ಒಳಗಂಚಿಗೆ ಬಳಿದರಂತೂ ಅದರ ಎಳೆ ಕಿತ್ತು ಆಯಿಲ್ ಜೊತೆ ಹೋಗಿ ಪಂಪಿನ ಜಾಳಿಗೆಯಲ್ಲಿ ಕೂರುತ್ತದೆ. ಸಿಲಿಕಾನ್ ಸಲ್ಲುವುದು ಕವರಿನ ಅರ್ಧಚಂದ್ರಾಕಾರದ ಮೂಲೆಗಳಲ್ಲಿ ಮಾತ್ರ, ಕಾಳಿನಷ್ಟು, ಗ್ಯಾಸ್ಕೆಟ್ ಹೊಸದಾಗಿ ಹಾಕುವಾಗ.

ವಾಲ್ವ್ ಕವರ್ ಸೋರಿದ್ದರೆ ಇಂಜಿನ್ ಪಕ್ಕದ ಗೋಡೆಯ ಮೇಲಿನಿಂದ ಕೆಳತನಕ ಜಿಡ್ಡು ಇಳಿದಿರುತ್ತದೆ, ಅದಕ್ಕೆ ಧೂಳು ಹತ್ತಿರುತ್ತದೆ. ಪ್ರಶ್ನೆ ಕೇಳಿದವರು ಹೇಳಿದ್ದರಲ್ಲಿ ಆ ಲಕ್ಷಣ ಇಲ್ಲ.

ಪ್ರೆಶರ್ ಸ್ವಿಚ್ಚನ್ನು ಮಾತ್ರ ಮರೆಯಬೇಡಿ. ಅದರ ವೈರ್ ಸಾಕೆಟ್ ಕಳಚಿ ಒಳಗೆ ನೋಡಿ. ಸಾಕೆಟ್ಟಿನೊಳಗೇ ಆಯಿಲ್ ಇದ್ದರೆ ಸ್ವಿಚ್ಚಿನ ಒಳಪರದೆ ಹರಿದಿದೆ, ಎಷ್ಟು ಬಿಗಿ ಮಾಡಿದರೂ ನಿಲ್ಲದು, ಸ್ವಿಚ್ಚೇ ಬದಲಾಗಬೇಕು.

ಹಿನ್ನೀರು_ಬಾಗಲಕೋಟಿ

ಎರಡ ದಿನಾ ಬಿಟ್ಟು ಬರೀತಿದ್ದೀನಿ. ಎಲ್ಲಾ ಹೇಳಿದ ಕ್ರಮದಾಗ ಆತು.

ಬಿಸಿ ಮಾಡಿ ಸಮ ನಿಲ್ಲಿಸಿ ನೋಡಿದ್ರ ಆಯಿಲ್ ಮ್ಯಾಲಿನ ಗೀಟಿಗಿಂತ ಎರಡ ಬೆರಳ ಮ್ಯಾಲ! 500, ಆಮ್ಯಾಲ 200, ಮತ್ತ 200, ಒಟ್ಟ 900 ಮಿಲಿ ಹೊರಗ ಬಂತು. ಈಗ ಎರಡ ಗೀಟಿನ ನಟ್ಟನಡುವ ಐತಿ. ಏರ್ ಡಬ್ಬಿಯೊಳಗ ಅರ್ಧಾ ಕಪ್ ನಿಂತಿತ್ತು. ಪ್ಲಗ್ ಕರ್ರಗಿದ್ದು ತೊಟ್ಟಿಕ್ಕುವಷ್ಟ ಇರಲಿಲ್ಲ, ಒರಸಿ ಹಾಕೇತಿ.

ರಟ್ಟು 1 ಒಣಾ. ರಟ್ಟು 2, ಅಂದ್ರ ಫಿಲ್ಟರ್ ಕೆಳಗಿಂದು, ನಾಲ್ಕೈದು ಹನಿ. ಫಿಲ್ಟರ್ ಕೈಲೆ ಹಿಡದ್ರನ ಇನ್ನ ಅರ್ಧಾ ಸುತ್ತ ತಿರಗತು. ಬಿಚ್ಚಿ ನೋಡಿದ್ರ ಹಳೇ ಉಂಗುರ ಉಳದಿಲ್ಲ, ಆದ್ರ ಹೊಸದು ಒಣಾನ ಕೂಡಿಸಿದ್ದಕ್ಕ ಒಂದ ಕಡೆ ಮುರುಟಿತ್ತು. ಹೊಸ ಫಿಲ್ಟರ್ ಹಾಕಿ, ಉಂಗುರಕ್ಕ ಆಯಿಲ್ ಸವರಿ, ಮುಕ್ಕಾಲ ಸುತ್ತ ಬಿಗಿ ಮಾಡಿದ ಮ್ಯಾಲ 40 ನಿಮಿಷ ನೀರಾಗ ಓಡಿದ್ರೂ ಆ ಜಾಗಾ ಒಣಾ ಐತಿ.

ಕಪ್ಲಿಂಗ್ ಹತ್ರ ಹತ್ತ ಹನ್ನೆರಡ ಚುಕ್ಕಿ ಮತ್ತ ಬಿದ್ದಾವು. ಟಿಶ್ಯೂ ಮ್ಯಾಲ ನಡಕ ಗಟ್ಟಿ ಉಳದೈತಿ, ಗ್ರೀಸ್ ಇರಬೇಕು. ಇಂಜಿನ್ ಹಿಂದಿನ ಮಾರಿ ಕನ್ನಡಿಯಾಗ ಒಣಾ ಕಂಡತು. ರಬ್ಬರ್ ಪುಡಿ ಇಲ್ಲ. ಬ್ರೀದರ್ ಪೈಪ್ ಮಡಚಿಲ್ಲ.

ಎರಡ ಸಂಶೆ ಉಳದಾವು. ಹೊರಗ ತಗದ ಆಯಿಲ್ ಒಂಚೂರು ಬೆಳ್ಳಗ, ಹಾಲು ಬೆರಸಿದ ಚಾದಂಗ ಕಾಣತೈತಿ. ನೀರು ಸೇರೈತೇನು? ಮತ್ತ ತೊಳದ ನೀರು, ಹಳೇ ಆಯಿಲ್ ಎರಡೂ ಬುಟ್ಟಿಯಾಗ ಅದಾವು. ಅವನ್ನ ಏನ್ ಮಾಡೂದು?

ಉದ್ಯಮಬಾಗ್_ಫಿಟ್ಟರ್ (ಬೆಳಗಾವಿ)

ಬೆಳ್ಳಗೆ ಕಾಣುವುದಕ್ಕೆ ಎರಡು ಕಾರಣ ಇರಬಹುದು, ಎರಡೂ ಬೇರೆ ಬೇರೆ. ಮಟ್ಟ ಹೆಚ್ಚಾದಾಗ ಪಂಪು ಮತ್ತು ಕ್ರ್ಯಾಂಕು ಆಯಿಲನ್ನು ಕಡೆಗೋಲಿನಂತೆ ಕಡೆದು ಗಾಳಿ ಬೆರೆಸುತ್ತವೆ, ನೊರೆ ಬೆಳ್ಳಗೆ ಕಾಣುತ್ತದೆ. ನೀರು ಬೆರೆತರೂ ಬೆಳ್ಳಗೆ ಕಾಣುತ್ತದೆ. ಗಾಜಿನ ಬಾಟಲಿಯಲ್ಲಿ 200 ಮಿಲಿ ಹಾಕಿ ಅಲುಗಾಡಿಸದೆ ಒಂದು ರಾತ್ರಿ ಇಡಿ. ಬೆಳಿಗ್ಗೆ ತಿಳಿಯಾಗಿ ಕಪ್ಪು ಕಂದು ಆಗಿದ್ದರೆ ಅದು ಗಾಳಿ, ಚಿಂತೆ ಬಿಡಿ. ಹಾಗೇ ಕೆನೆಯಂತೆ ಉಳಿದಿದ್ದರೆ ಅಥವಾ ತಳದಲ್ಲಿ ನೀರು ಕೂತಿದ್ದರೆ ನೀರು ಸೇರಿದೆ. ಇನ್ನೊಂದು ಪರೀಕ್ಷೆ: ಒಂದು ಹನಿಯನ್ನು ಬಿಸಿ ತವೆಯ ಮೇಲೆ ಬಿಡಿ. ನೀರಿದ್ದರೆ ಚಟಪಟ ಸಿಡಿಯುತ್ತದೆ. ಕಣ್ಣು ದೂರ ಇರಲಿ, ಒಂದೇ ಹನಿ ಸಾಕು.

ನೀರೇ ಆಗಿದ್ದರೆ ಒಂದು ದಿನವೂ ಬಿಡಬೇಡಿ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಪೂರಾ ಎಳೆದು, ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ನೀರಿನಲ್ಲಿ ಹತ್ತು ನಿಮಿಷ ಓಡಿಸಿ, ಮತ್ತೆ ಎಳೆಯಿರಿ. ಒಂದು ಸಲಕ್ಕೆ ಅರ್ಧವಷ್ಟೇ ಹೊರಬರುವುದರಿಂದ ಎರಡು ಮೂರು ಸಲ ಬೇಕಾಗುತ್ತದೆ. ಪ್ರತಿ ಸಲ ಎಷ್ಟು ಎಳೆದಿರೋ ಅಷ್ಟೇ ಅಳೆದು ಹಾಕಿ. ಗಾಡಿ ಮಗುಚಿದಾಗ ತಪ್ಪು ದಿಕ್ಕಿಗೆ ಹೊರಳಿಸಿದರೂ ನೀರು ಒಳಗೆ ಹೋಗುವುದುಂಟು. ಯಾವ ಕಡೆ ಹೊರಳಿಸಬೇಕು ಅಂತ ಹಿಂಬದಿಯ ಸ್ಟಿಕ್ಕರಿನಲ್ಲಿ ಬಾಣ ಹಾಕಿದೆ. ಅದು ಮಾಸಿದ್ದರೆ ಬಣ್ಣದಿಂದ ಬರೆಸಿಕೊಳ್ಳಿ.

ಆಯಿಲ್ ದರ್ಜೆ 10ಡಬ್ಲ್ಯೂ-40 ಇರಲಿ. ಈ ಇಂಜಿನ್‌ಗೆ ಬೈಕಿನಂತೆ ಆಯಿಲಲ್ಲಿ ಮುಳುಗಿದ ಕ್ಲಚ್ ಇಲ್ಲ, ಹಾಗಾಗಿ ಬೈಕ್ ಆಯಿಲ್ಲೇ ಬೇಕೆಂದಿಲ್ಲ. ಎಫ್‌ಸಿ-ಡಬ್ಲ್ಯೂ ಅಂತ ಬರೆದಿರುವ ಮರೈನ್ ಫೋರ್ ಸ್ಟ್ರೋಕ್ ಆಯಿಲ್ ಸಿಕ್ಕರೆ ಅದೇ ಮೇಲು, ತುಕ್ಕು ತಡೆಯುವ ಮದ್ದು ಅದರಲ್ಲಿ ಹೆಚ್ಚು. ಗೋವಾ ಕಡೆಯ ವಾಟರ್ ಸ್ಪೋರ್ಟ್ಸ್‌ನವರು ಬಳಸುವುದರಿಂದ ಅಲ್ಲಿ ಹುಡುಕಿದರೆ ಸಿಗುತ್ತದೆ.

ಗುಮ್ಮಟನಗರಿ_ಮರೈನ್ (ವಿಜಯಪುರ)

ಚುಕ್ಕಿ ಗ್ರೀಸೇ ಅದ, ಹಂಗಾದ್ರ ಒರಸಿ ಬಿಡ್ರಿ. ಮುಂದಿನ ನೂರ ತಾಸಿನತನಕ ಗನ್ ಹಚ್ಚಬ್ಯಾಡ್ರಿ. ಹೆಚ್ಚಿಂದು ಹೊರಗ ಬಂದು ತಾನ ನಿಲ್ತದ. ಐದಾರ ಓಟ ಆದ್ರೂ ನಿಲ್ಲಲಿಲ್ಲ, ಇಲ್ಲಾ ಕೆನಿ ಬಣ್ಣಕ್ಕ ತಿರಗ್ತು ಅಂದ್ರ ಬೇರಿಂಗ್ ಮನಿಗೆ ನೀರು ಹೊಂಟದ ಅಂತ ತಿಳೀರಿ.

ಮುಂದ ಎಂದರ ಕ್ರ್ಯಾಂಕ್ ಸೀಲ್ ಬದಲಿ ಮಾಡೂ ಪಾಳಿ ಬಂದ್ರ ಮೂರು ಮಾತು ನೆನಪಿಡ್ರಿ. ಇಂಜಿನ್ ಎತ್ತೂ ಮುಂದ ಮೌಂಟ್ ಕೆಳಗ ತೆಳು ತಗಡಿನ ಶಿಮ್ ಇರ್ತಾವ, ಯಾವ ಮೂಲಿದು ಯಾವುದು ಅಂತ ಗುರುತು ಹಾಕಿ ಚೀಟಿ ಕಟ್ಟಿ ಇಡ್ರಿ, ಕಲಸಿದ್ರ ಕಪ್ಲಿಂಗ್ ನೇರ ಬರೂದಿಲ್ಲ. ಹಳೇ ಸೀಲಿನ ಮ್ಯಾಲ ಒಳಗಿನ ಅಡ್ಡಳತಿ, ಹೊರಗಿನ ಅಡ್ಡಳತಿ, ದಪ್ಪ ಮೂರೂ ಬರದಿರ್ತದ. ಅಳತಿ ಕೂಡಿದ್ರೂ ಸಾದಾ ನೈಟ್ರೈಲ್ ರಬ್ಬರಿಂದು ತರಬ್ಯಾಡ್ರಿ, ಶಾಖಾ ತಡಿಯೂ ವೈಟಾನ್ ಕೇಳ್ರಿ. ಕಂಪನಿದು ಸಿಗಲಿಲ್ಲಂದ್ರ ಬೆಳಗಾವಿ ಉದ್ಯಮಬಾಗದಾಗ ಹೈಡ್ರಾಲಿಕ್ ಸಾಮಾನಿನ ಅಂಗಡಿಯೊಳಗ ಹುಡುಕ್ರಿ. ಮತ್ತ ಶಾಫ್ಟ್ ಮ್ಯಾಲ ಉಗುರು ಆಡಿಸಿ ನೋಡ್ರಿ. ಉಗುರಿಗೆ ಗೀರು ಸಿಕ್ಕರ ಹೊಸ ಸೀಲ್ ಹಾಕಿದ್ರೂ ಸೋರೂದ.

ನವನಗರ_ಸೆಕ್ಟರ್

ಬುಟ್ಟಿಯಾಗಿನ ಆಯಿಲ್ ನೀರಿನ ಬಗ್ಗೆ ನಾ ಹೇಳ್ತೀನ್ರಿ, ಇದು ನಮ್ಮೂರ ನೀರಿನ ಮಾತು.

ನಿಮ್ಮ ಗಾಡಿಯಾಗ ಓಡೂವಾಗ ತಳದ ನೀರನ್ನ ಜೆಟ್ ಪಂಪಿನ ಎಳೆತದಿಂದ ತಾನ ಹೊರಗ ಹೀರಿ ಒಗೆಯೂ ಪೈಪ್ ಐತಿ. ಅಂದ್ರ ತಳದಾಗ ಆಯಿಲ್ ಬಿದ್ದ ಗಾಡಿ ಓಡಿಸಿದ್ರ ಅದು ನೆಟ್ಟಗ ಹಿನ್ನೀರಿಗೆ ಹೋಗತೈತಿ. ಕುಡಿಯೂ ನೀರು ಎತ್ತೂದೂ ಅಲ್ಲಿಂದನ, ಹೊಲಕ್ಕ ಹೋಗೂದೂ ಅಲ್ಲಿಂದನ, ಮೀನಿನ ಬಲಿ ಬೀಳೂದೂ ಅಲ್ಲೇ. ಅದಕ್ಕ ಸೋರಿಕಿ ಹುಡುಕೂ ದಿನಗಳಾಗ ನೀರಿಗೆ ಇಳಿಸೂಕಿಂತ ಮೊದಲ ತಳಾ ಒಣಾ ಮಾಡ್ರಿ. ಇಂಜಿನ್ ಕೆಳಗ ಆಯಿಲ್ ಹೀರೂ ಪ್ಯಾಡ್ ಹಾಸಿ ನಾಲ್ಕೂ ಮೂಲಿಗೆ ದಾರಾ ಕಟ್ರಿ. ಕಟ್ಟದ ಬಿಟ್ರ ಪ್ಯಾಡು ಹಿಂದ ಹರದು ಕಪ್ಲಿಂಗಿಗೆ ಸುತ್ಕೊಂಡೀತು, ಇಲ್ಲಾ ಹೀರೂ ಪೈಪಿನ ಬಾಯಿ ಮುಚ್ಚೀತು. ಮ್ಯಾಲ ಹೇಳಿದ ರಟ್ಟು ದಡದ ಮ್ಯಾಲಿನ ಪರೀಕ್ಷೆಕ್ಕ ಸರಿ, ನೀರಿಗೆ ಇಳಿಸೂ ಮುಂದ ಅದನ್ನ ತಗದ ಇಳಸ್ರಿ, ತೊಯ್ದ ರಟ್ಟು ಕರಗಿ ಅದ ಪೈಪಿಗೆ ಹೋಗತೈತಿ. ಇಳಿಸೂ ಜಾಗಾದಾಗ ನಿಂತು ಡ್ರೈನ್ ಪ್ಲಗ್ ಬಿಚ್ಚಬ್ಯಾಡ್ರಿ, ಮನಿಗೆ ತಂದು ಬುಟ್ಟಿ ಇಟ್ಟು ಬಿಚ್ರಿ.

ಡಿಗ್ರೀಸರ್ ಇಲ್ಲದ ಬರೇ ಆಯಿಲ್ ನೀರು ಇದ್ರ ಒಂದು ಕ್ಯಾನಿಗೆ ಸುರುವಿ ಎರಡ ದಿನಾ ಇಡ್ರಿ, ಆಯಿಲ್ ಮ್ಯಾಲ ನಿಲ್ಲತೈತಿ. ಸಿರಿಂಜಿಲೆ ಮ್ಯಾಲಿಂದಷ್ಟ ಎಳದು ಹಳೇ ಆಯಿಲ್ ಡಬ್ಬಿಗೆ ಹಾಕ್ರಿ. ಕೆಳಗ ಉಳದ ನೀರಿನ ಮ್ಯಾಲ ಕಾಮನಬಿಲ್ಲಿನ ಬಣ್ಣ ಇನ್ನೂ ಕಂಡ್ರ ಕಟ್ಟಿಗಿ ಪುಡಿ ಹಾಕಿ ಹೀರಸ್ರಿ. ಡಿಗ್ರೀಸರ್ ಬೆರತಿದ್ದು ಮಾತ್ರ ಹಿಂಗ ಬ್ಯಾರೆ ಆಗಂಗಿಲ್ಲ, ಸಾಬೂನು ಆಯಿಲನ್ನ ನೀರಾಗ ಹಿಡದಿಟ್ಟಿರತೈತಿ. ಅದನ್ನ ಪೂರಾ ಕಟ್ಟಿಗಿ ಪುಡಿಗೆ ಕುಡಿಸಿ ದಪ್ಪ ಚೀಲದಾಗ ಕಟ್ಟಿ ಇಡ್ರಿ, ಗಟಾರಕ್ಕ ಬಿಡಬ್ಯಾಡ್ರಿ.

ಹಳೇ ಆಯಿಲ್ ಕಾಯ್ದೆ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮುಚ್ಚಳ ಬಿಗಿ ಇರೋ ಡಬ್ಬಿಯಾಗ ತುಂಬಿ, ಮ್ಯಾಲ "ಹಳೇ ಇಂಜಿನ್ ಆಯಿಲ್" ಅಂತ ಬರದು, ಪರವಾನಗಿ ಇದ್ದವರಿಗೆ ಕೊಡೋ ದೊಡ್ಡ ವರ್ಕ್‌ಶಾಪಿಗೆ ಒಯ್ದು ಕೊಡ್ರಿ, ಒರಸಿದ ಅರಬಿ, ಪ್ಯಾಡು, ಆ ಪುಡಿ ಚೀಲಾನೂ ಜೋಡಿನ. ಅದರಾಗ ಪೆಟ್ರೋಲ್ ಆಗಲಿ, ಬ್ರೇಕ್ ಆಯಿಲ್ ಆಗಲಿ ಬೆರಸಬ್ಯಾಡ್ರಿ, ಬೆರಸಿದ್ದನ್ನ ಯಾರೂ ತಗೊಳ್ಳಂಗಿಲ್ಲ. ಹಳೇ ಫಿಲ್ಟರ್ ಬಾಯಿ ಕೆಳಗ ಮಾಡಿ ಒಂದ ರಾತ್ರಿ ಡಬ್ಬಿ ಮ್ಯಾಲ ಇಡ್ರಿ, ಒಳಗಿಂದು ಪೂರಾ ಇಳೀತೈತಿ.

ಹಿನ್ನೀರು_ಬಾಗಲಕೋಟಿ

ಗಾಜಿನ ಬಾಟ್ಲಿಯಾಗ ಇಟ್ಟ ಆಯಿಲ್ ಮುಂಜಾನೆ ತಿಳಿ ಆಗಿತ್ರಿ, ತಳದಾಗ ನೀರಿಲ್ಲ. ತವೆ ಮ್ಯಾಲೂ ಸಿಡೀಲಿಲ್ಲ. ನೊರಿನ ಇತ್ತು. ಫಿಲ್ಟರ್ ಮ್ಯಾಲ ತಾರೀಖು, ತಾಸು, ಎಷ್ಟ ಎಳದೈತಿ, ಎಷ್ಟ ಹಾಕೇತಿ ಮಾರ್ಕರ್‌ಲೆ ಬರದೀನಿ. ಐದ ತಾಸು ಓಡಿದ ಮ್ಯಾಲ ಬಿಸಿ ಇದ್ದಾಗ ಮತ್ತ ಕಡ್ಡಿ ನೋಡಿ ಇಲ್ಲೇ ಹಾಕ್ತೀನಿ. ನಿಮಗೆಲ್ಲಾರಿಗೂ ಭಾಳ ಉಪಕಾರ ಆತು.